ಪೆಡಲ್‌ಗೆ ಹೊಳಪು ಬೇಡ: ಕಾರು ತೊಳೆಯುವವರಿಗೊಂದು ಬಹಿರಂಗ ಪತ್ರ

ವಾಟರ್ ಸರ್ವಿಸ್ ಸ್ಟೇಷನ್‌ಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಿನಲ್ಲಿ, ಟ್ಯಾಕ್ಸಿ ಸ್ಟ್ಯಾಂಡ್‌ಗಳ ಬದಿಯಲ್ಲಿ ಕಾರು ತೊಳೆಯುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,



ಆಯುಧಪೂಜೆ ಹತ್ತಿರ ಬಂತು. ಇನ್ನು ನಿಮಗೆ ಊಟಕ್ಕೂ ಪುರುಸೊತ್ತು ಸಿಗುವುದಿಲ್ಲ. ಬೆಳಕು ಹರಿಯುವ ಮೊದಲೇ ಗೇಟಿನಾಚೆ ಕಾರುಗಳ ಸಾಲು ನಿಂತಿರುತ್ತದೆ, ಎಲ್ಲರಿಗೂ ಮೊದಲು ತಮ್ಮದೇ ಆಗಬೇಕು. ಆ ಗಡಿಬಿಡಿ ಶುರುವಾಗುವ ಮೊದಲು ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕಿತ್ತು, ಅದಕ್ಕೇ ಈ ಪತ್ರ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಪಾದಗಳನ್ನು ನೋಡುವುದೇ ನನ್ನ ಕಸುಬು. ಹಾಗಾಗಿ ನೀವು ತೊಳೆದ ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ನನ್ನ ಕಣ್ಣು ಹೋಗುವುದು ಬಾನೆಟ್‌ನ ಮಿಂಚಿನ ಕಡೆಗಲ್ಲ, ಕೆಳಗಿನ ಮೂರು ತುಂಡು ರಬ್ಬರಿನ ಕಡೆಗೆ. ಬ್ರೇಕು, ಕ್ಲಚ್ಚು, ಆಕ್ಸಿಲರೇಟರ್. ನಾನು ಕೇಳಿಕೊಳ್ಳುವುದು ಇಷ್ಟೇ: ಆ ಮೂರಕ್ಕೆ ಯಾವ ಕಾರಣಕ್ಕೂ ಪಾಲಿಶ್ ತಾಗಿಸಬೇಡಿ. ಅವು ಮಂಕಾಗಿ, ಒಣಗಿ, ಬೆರಳಿಟ್ಟರೆ ಬೆರಳನ್ನು ಹಿಡಿಯುವಂತೆ ಇರಲಿ.

ಬೇಕೆಂದೇ ಪೆಡಲ್ ಮೇಲೆ ಪಾಲಿಶ್ ಹೊಡೆಯುವವರು ನಿಮ್ಮಲ್ಲಿ ಕಡಿಮೆ. ಕೆಲವರು ಹೊಡೆಯುತ್ತಾರೆ. ಡ್ಯಾಶ್‌ಬೋರ್ಡ್ ಮಿಂಚುವಾಗ, ಡೋರ್ ಪ್ಯಾಡ್ ಮಿಂಚುವಾಗ ಕೆಳಗಿನ ಪೆಡಲ್ ಒಂದೇ ಬೂದುಬಣ್ಣಕ್ಕೆ ಉಳಿದುಬಿಟ್ಟರೆ ಕೆಲಸ ಅರ್ಧಕ್ಕೇ ನಿಂತ ಹಾಗೆ ಕಾಣುತ್ತದೆ, ಕೈ ತಾನಾಗಿ ಅತ್ತ ಹೋಗುತ್ತದೆ. ಆದರೆ ಹೆಚ್ಚಿನ ಸಲ ಪಾಲಿಶ್ ಅಲ್ಲಿಗೆ ಬರುವುದು ಬಟ್ಟೆಯ ಜೊತೆ. ಡ್ಯಾಶ್‌ಬೋರ್ಡ್ ಒರೆಸಿದ ಬಟ್ಟೆಯನ್ನೇ ಮಡಚಿ ಹ್ಯಾಂಡ್‌ಬ್ರೇಕ್ ಒರೆಸುತ್ತೀರಿ, ಬಾಗಿಲಿನ ಅಂಚು ಒರೆಸುತ್ತೀರಿ, ಕೊನೆಗೆ ಕೆಳಗೆ ಬಗ್ಗಿ ಪೆಡಲ್‌ಗೂ ಒಂದು ಸಲ ಎಳೆಯುತ್ತೀರಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಆ ಬಟ್ಟೆಯಲ್ಲಿದ್ದದ್ದು ಅಷ್ಟರಲ್ಲಿ ರಬ್ಬರಿನ ಗೀರುಗಳೊಳಗೆ ಸೇರಿಯಾಯಿತು.

ಡ್ಯಾಶ್‌ಬೋರ್ಡ್ ಪಾಲಿಶ್, ಟಯರ್ ಪಾಲಿಶ್ ಎಂದು ಮಾರುವ ಬಹಳಷ್ಟು ದ್ರವಗಳ ಜೀವಾಳ ಸಿಲಿಕೋನ್ ಎಣ್ಣೆ. ನೀರಿನ ಹಾಗೆ ಆರಿಹೋಗುವ ಗುಣ ಅದಕ್ಕಿಲ್ಲ. ಜೊತೆಗೆ ಬೆರೆಸಿದ ನೀರೋ ದ್ರಾವಕವೋ ಆರುತ್ತದೆ, ಎಣ್ಣೆ ಮಾತ್ರ ತೆಳ್ಳಗಿನ ಪೊರೆಯಾಗಿ ಉಳಿಯುತ್ತದೆ. ಹೊಳಪು ಕೊಡುವುದೂ ಆ ಪೊರೆಯೇ, ಜಾರಿಸುವುದೂ ಅದೇ. ಸ್ಟೀರಿಂಗ್, ಪೆಡಲ್, ಬೈಕಿನ ಸೀಟು, ನೆಲ, ಇವುಗಳ ಮೇಲೆ ಬಳಸಬೇಡಿ ಎಂದು ಇಂಥ ಅನೇಕ ಡಬ್ಬಿಗಳ ಹಿಂಭಾಗದಲ್ಲೇ ಬರೆದಿರುತ್ತದೆ. ಬರೆದಿರುವುದು ಇಂಗ್ಲಿಷಿನಲ್ಲಿ, ಅದೂ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ದಿನವೂ ಆ ಡಬ್ಬಿ ಹಿಡಿಯುವ ಕೈಗಳಿಗೆ ಅದನ್ನು ಅವರ ಭಾಷೆಯಲ್ಲಿ ಹೇಳಬೇಕಾದದ್ದು ತಯಾರಕರ ಕರ್ತವ್ಯ ಎಂದು ನಾನು ನಂಬಿದ್ದೇನೆ.

ಮಾಮೂಲಿಯಾಗಿ ಮೆಲ್ಲಗೆ ಬ್ರೇಕ್ ಒತ್ತುವಾಗ ಈ ಜಾರಿಕೆ ಗೊತ್ತಾಗುವುದಿಲ್ಲ. ದಾರಿಗೆ ಯಾರೋ ಅಡ್ಡ ಬಂದಾಗ ಗೊತ್ತಾಗುತ್ತದೆ. ಆಗ ಪಾದ ಪೆಡಲ್‌ನ ನಡುವಿಗೇ ನೇರವಾಗಿ ಬೀಳುವುದಿಲ್ಲ; ಓರೆಯಾಗಿ, ಅಂಚಿಗೆ, ಪೂರ್ತಿ ಬಲದಿಂದ ಬೀಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಜಾರಿದ ಕಾಲು ಪೆಡಲನ್ನು ಮತ್ತೆ ಹುಡುಕಿ ಒತ್ತುವುದಕ್ಕೆ ಅರ್ಧ ಸೆಕೆಂಡ್ ಹಿಡಿದರೂ 8 ಮೀಟರ್ ಹೋಯಿತು, ಎಂದರೆ ಎರಡು ಸಣ್ಣ ಕಾರುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸುವಷ್ಟು ಜಾಗ.

ಹಬ್ಬದ ದಿನದ ಮಾತು ಇನ್ನೂ ಬೇರೆ. ನೀವು ತೊಳೆದು ಕಳಿಸಿದ ಕಾರಿಗೆ ಮನೆಯಲ್ಲಿ ಕುಂಕುಮ ಹಚ್ಚಿ, ಹೂವು ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುತ್ತಾರೆ. ಪೂಜೆ ಮುಗಿದ ಮೇಲೆ ಯಜಮಾನರು ಬರಿಗಾಲಲ್ಲೇ ಒಳಗೆ ಕೂತು, ನಿಂಬೆಹಣ್ಣು ಒಡೆಯುವಷ್ಟು ದೂರ ಮುಂದಕ್ಕೆ ತರುತ್ತಾರೆ. ಅವರ ಕಾಲು ಆಗಷ್ಟೇ ತೊಳೆದು ಬಂದ ಒದ್ದೆಕಾಲು. ಕಾರಿನ ಮುಂದೆ ಮನೆಯ ಮಕ್ಕಳೆಲ್ಲ ನಿಂತಿರುತ್ತಾರೆ, ಯಾರೋ ಫೋನ್ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಕ್ಲಚ್ಚಿನಿಂದ ಕಾಲು ಜಾರಿದರೆ ಏನಾದೀತು ಎಂದು ಯೋಚಿಸಿ.

ನನ್ನ ಕಣ್ಣೆದುರು ನಡೆದದ್ದನ್ನೂ ಹೇಳುತ್ತೇನೆ. ನಮ್ಮ ಕಾರು ವಾಶ್ ಆಗಿ ಬಂದ ದಿನ ಒಬ್ಬ ವಿದ್ಯಾರ್ಥಿನಿ ಮಳೆಯಲ್ಲಿ ನಡೆದು ಬಂದಿದ್ದಳು, ಕಾಲಲ್ಲಿ ರಬ್ಬರ್ ಚಪ್ಪಲಿ. ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಒತ್ತಿ ನಿಂತಿದ್ದಾಗ ಚಪ್ಪಲಿ ಸರ್ರನೆ ಪಕ್ಕಕ್ಕೆ ಜಾರಿತು, ಕಾರು ಮುಂದಿದ್ದ ಆಟೋದತ್ತ ನೆಗೆಯಿತು. ಡ್ರೈವಿಂಗ್ ಸ್ಕೂಲಿನ ಕಾರಿಗೆ ಕಲಿಸುವವರ ಕಡೆಗೂ ಬ್ರೇಕು, ಕ್ಲಚ್ಚು ಇರುವುದರಿಂದ ಒಂದು ಗೇಣು ಅಂತರದಲ್ಲಿ ನಿಲ್ಲಿಸಲಾಯಿತು. ಕಾರನ್ನು ಬದಿಗೆ ಹಾಕಿ ಕ್ಲಚ್ ರಬ್ಬರನ್ನು ಬೆರಳಿಂದ ಸವರಿದೆ. ಗೀರುಗಳೊಳಗೆ ನಿಂಬೆವಾಸನೆಯ ಜಿಡ್ಡು, ಅದಕ್ಕೆ ಅಂಟಿದ ಕೆಂಪು ಮಣ್ಣಿನ ನುಣ್ಣನೆ ಪುಡಿ. ಆ ಹುಡುಗಿ ತನ್ನದೇ ತಪ್ಪೆಂದು ಅಳುತ್ತಿದ್ದಳು. ಮಾಮೂಲಿ ಕಾರುಗಳಲ್ಲಿ ಪಕ್ಕದ ಸೀಟಿಗೆ ಬ್ರೇಕ್ ಇರುವುದಿಲ್ಲ.

ಹಾಗಾದರೆ ಪೆಡಲ್ ತೊಳೆಯಲೇಬಾರದೇ? ತೊಳೆಯಲೇಬೇಕು. ಮಣ್ಣು, ಜಿಡ್ಡು ತುಂಬಿ ಗೀರುಗಳು ಮುಚ್ಚಿಹೋದ ಪೆಡಲ್ ಕೂಡ ಜಾರುತ್ತದೆ. ಗದಗ, ವಿಜಯಪುರದ ಕಡೆಯ ಎರೆಮಣ್ಣು ಒದ್ದೆಯಾದಾಗ ಬೂಟಿನ ಅಡಿಗೆ ಹೇಗೆ ಮೆತ್ತಿಕೊಳ್ಳುತ್ತದೆಂದು ಅಲ್ಲಿನವರಿಗೆ ಹೇಳಬೇಕಿಲ್ಲ. ಮಲೆನಾಡಿನಲ್ಲಿ ತೋಟದಿಂದ ನೇರವಾಗಿ ಬಂದು ಕಾರು ಹತ್ತುವವರ ಪೆಡಲ್ ಮಳೆಗಾಲವಿಡೀ ಕೆಸರಿನಲ್ಲೇ ಇರುತ್ತದೆ. ನಾನು ಮಾಡುವ ಕ್ರಮ ಹೀಗಿದೆ.

ಮೊದಲು ಕಾರು ಸಮನೆಲದ ಮೇಲಿರಲಿ, ರ‍್ಯಾಂಪಿನ ಮೇಲೆ ಬೇಡ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ. ಆಟೋಮ್ಯಾಟಿಕ್ ಆದರೆ ‘ಪಿ’ಗೆ ಹಾಕಿ. ಎಎಂಟಿ ಕಾರುಗಳಲ್ಲಿ ‘ಪಿ’ ಇಲ್ಲದವೂ ಇವೆ, ಅಂಥವಕ್ಕೆ ಚಕ್ರಕ್ಕೊಂದು ಕಲ್ಲು ಕೊಡಿ. ಕೀಲಿ ಕಾರಿನಲ್ಲೇ ಇರಬಾರದು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಇದನ್ನು ಇನ್ನೂ ಜೋಪಾನವಾಗಿ ನೋಡಿಕೊಳ್ಳಬೇಕು. ಆ ಕಾರುಗಳು ಸ್ಟಾರ್ಟ್ ಆಗಲು ಬೇಕಾದ್ದು ಬ್ರೇಕ್ ಅಥವಾ ಕ್ಲಚ್ ಪೆಡಲ್ ಒತ್ತಿರುವುದು, ಕೀಲಿ ಒಳಗಿರುವುದು, ಬಟನ್‌ಗೆ ಬೆರಳು ತಾಗುವುದು, ಇಷ್ಟೇ. ಪೆಡಲ್ ಉಜ್ಜುವಾಗ ನೀವು ಅದನ್ನು ಒತ್ತಿಯೇ ಒತ್ತುತ್ತೀರಿ. ಮೇಲೇಳಲು ಆನಿಸಿದ ಇನ್ನೊಂದು ಕೈ ಬಟನ್ ಮೇಲೆ ಹೋಗುವುದು ದೊಡ್ಡ ಮಾತಲ್ಲ. ಕೀಲಿ ಆಫೀಸಿನ ಮೊಳೆಗೆ ತೂಗುತ್ತಿದ್ದರೆ ಆ ಭಯ ಇಲ್ಲ.

ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಮ್ಯಾಟ್ ಹೊರಗೆ ತೆಗೆಯಿರಿ. ಆಮೇಲೆ ಒಣ ಬ್ರಷ್ಷು. ಹಳೆಯ ಟೂತ್ ಬ್ರಷ್ ಆದರೂ ಸಾಕು. ಒಣಮಣ್ಣನ್ನು ಒಣಗಿದ್ದಾಗಲೇ ಗೀರುಗಳಿಂದ ಕೆದಕಿ ವ್ಯಾಕ್ಯೂಮ್ ಮಾಡಿ; ಮೊದಲೇ ನೀರು ಹಾಕಿದರೆ ಅದು ಕೆಸರಾಗಿ ಇನ್ನೂ ಒಳಗೆ ಕೂರುತ್ತದೆ. ಕಾರ್ ಶಾಂಪೂ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ, ಒಂದು ಮಗ್ ನೀರು. ಬ್ರಷ್ಷನ್ನು ಅದರಲ್ಲಿ ಅದ್ದಿ, ಕೊಡವಿ, ಗೀರು ಹೋದ ದಿಕ್ಕಿನಲ್ಲೇ ಉಜ್ಜಿ. ಪೆಡಲ್‌ನ ಹಿಂದೆ ಒಂದು ಕೈ ಕೊಟ್ಟರೆ ಅದು ಓಲಾಡುವುದಿಲ್ಲ, ಅಡಿಗೊಂದು ಬಟ್ಟೆ ಹಿಡಿದರೆ ಕಾರ್ಪೆಟ್ ಒದ್ದೆಯಾಗುವುದಿಲ್ಲ. ಅಂಚುಗಳನ್ನು ಮರೆಯಬೇಡಿ, ಗಾಬರಿಯಲ್ಲಿ ಕಾಲು ಬೀಳುವುದು ಅಲ್ಲಿಗೇ. ಎಡಗಾಲು ಇಡುವ ಜಾಗದ ರಬ್ಬರನ್ನೂ ಹೀಗೇ ಮಾಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಸೋಪು ತೆಗೆಯುವುದು. ರಬ್ಬರಿನಲ್ಲಿ ಉಳಿದು ಒಣಗಿದ ಸೋಪು, ಮುಂದೆ ಒದ್ದೆ ಚಪ್ಪಲಿ ತಾಗಿದಾಗ ಮತ್ತೆ ನೊರೆಯಾಗುತ್ತದೆ. ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡು ಮೂರು ಸಲ, ಪ್ರತಿಸಲವೂ ಬಟ್ಟೆಯನ್ನು ಜಾಲಿಸಿ ಒರೆಸಿ. ಕೊನೆಗೆ ಒಣಬಟ್ಟೆ. ಮೇಲೆ ಏನೂ ಹಚ್ಚಬೇಡಿ. ನಿಮ್ಮ ಹೆಬ್ಬೆರಳನ್ನು ರಬ್ಬರಿನ ಮೇಲೆ ಒತ್ತಿ ಪಕ್ಕಕ್ಕೆ ತಳ್ಳಿ ನೋಡಿ: ಬೆರಳು ತಡೆದು ತಡೆದು ಹೋಗಬೇಕು, ನುಣ್ಣಗೆ ಹರಿದುಹೋದರೆ ಇನ್ನೂ ಜಿಡ್ಡಿದೆ.

ಯಾರೋ ಮೊದಲೇ ಪಾಲಿಶ್ ಹಚ್ಚಿದ್ದ ಕಾರು ಬಂದರೆ ಒಂದು ಸಲದ ಸೋಪಿಗೆ ಅದು ಹೋಗುವುದಿಲ್ಲ. ಎರಡನೇ, ಮೂರನೇ ಸಲ ಉಜ್ಜಿ. ಆಮೇಲೂ ಜಾರಿದರೆ ಐಸೋಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಸ್ವಲ್ಪ ಹಾಕಿಕೊಂಡು, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಹತ್ತಿರದಲ್ಲಿ ಬೀಡಿ ಬೆಂಕಿ ಇಲ್ಲದಂತೆ ನೋಡಿಕೊಂಡು ಒರೆಸಿ. ಅದರ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್ ನಡೆಯುವುದಿಲ್ಲ. ಚರ್ಮ ಒಣಗದಿರಲೆಂದು ಬಹಳಷ್ಟು ಸ್ಯಾನಿಟೈಸರ್‌ಗಳಿಗೆ ಗ್ಲಿಸರಿನ್ ಬೆರೆಸಿರುತ್ತಾರೆ, ಆಲ್ಕೋಹಾಲ್ ಆರಿದ ಮೇಲೆ ಪೆಡಲ್ ಮೇಲೆ ಉಳಿಯುವುದು ಅದೇ. ಇಷ್ಟಾದರೂ ಜಾರುವ ರಬ್ಬರನ್ನು ಬದಲಿಸುವುದೊಂದೇ ದಾರಿ.

ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಥಿನ್ನರ್ ಮುಟ್ಟಲೇಬೇಡಿ. ಎಂಜಿನ್ನಿನ ಗ್ರೀಸ್ ತೆಗೆಯಲು ಒಗ್ಗಿದ ಕೈಗೆ ಪೆಡಲ್‌ನ ಗ್ರೀಸಿಗೂ ಅದೇ ಸಾಕು ಅನ್ನಿಸಬಹುದು. ಪೆಡಲ್‌ಗೆ ಬಳಸುವ ಬಗೆಯ ರಬ್ಬರ್ ಇವುಗಳನ್ನು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಉಬ್ಬಿದ ರಬ್ಬರಿನ ಅಂಚು ಒಳಗಿನ ಲೋಹದ ತಗಡಿನ ಹಿಡಿತ ಬಿಡುತ್ತದೆ, ಒಂದು ದಿನ ಅದು ಕಾಲಿನ ಜೊತೆಗೇ ಕಿತ್ತು ಬರುತ್ತದೆ. ಮುಚ್ಚಿದ ಕಾರಿನಲ್ಲಿ ಪೆಟ್ರೋಲ್ ಹಬೆ ನಿಮ್ಮ ಎದೆಗೂ ಕೆಟ್ಟದ್ದು, ಕಿಡಿ ಬಿದ್ದರೆ ಜೀವಕ್ಕೂ ಕೆಟ್ಟದ್ದು. ರಬ್ಬರ್ ಕಪ್ಪಗೆ ಕಾಣಲೆಂದು ಕೊಬ್ಬರಿ ಎಣ್ಣೆ ಸವರುವುದೂ ಪಾಲಿಶ್ ಹಚ್ಚಿದ ಹಾಗೆಯೇ.

ಪ್ರೆಶರ್ ಗನ್ ಕಾರಿನೊಳಗೆ ಬೇಡ. ಬ್ರೇಕ್ ಪೆಡಲ್‌ನ ಕಾಂಡದ ಮೇಲ್ತುದಿಯ ಹತ್ತಿರ ಒಂದು ಸಣ್ಣ ಸ್ವಿಚ್ ಇದೆ. ಹಿಂದಿನ ಕೆಂಪು ದೀಪ ಉರಿಸುವುದು ಅದೇ. ಅದಕ್ಕೆ ನೀರು ಹೊಕ್ಕರೆ ಬ್ರೇಕ್ ಒತ್ತಿದರೂ ದೀಪ ಹತ್ತದಿರಬಹುದು, ಒತ್ತದಿದ್ದರೂ ಉರಿಯುತ್ತಲೇ ಇರಬಹುದು. ಹಿಂದೆ ಬರುವ ಲಾರಿಯವನು ನೋಡುವುದು ಆ ದೀಪವನ್ನೇ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್‌ನಿಂದ ಎಂಜಿನ್ನಿಗೆ ಹೋಗುವುದು ಕೇಬಲ್ ಅಲ್ಲ, ವಿದ್ಯುತ್ ಸಂಕೇತ. ಪೆಡಲ್‌ಗೆ ಸೇರಿಕೊಂಡಂತೆಯೇ ಎರಡು ಸೆನ್ಸರ್‌ಗಳಿದ್ದು, ಒಂದರ ಲೆಕ್ಕವನ್ನು ಇನ್ನೊಂದರ ಜೊತೆ ಕಂಪ್ಯೂಟರ್ ತಾಳೆ ನೋಡುತ್ತಿರುತ್ತದೆ. ತಾಳೆಯಾಗದಿದ್ದರೆ ಎಚ್ಚರಿಕೆ ದೀಪ ಹಚ್ಚಿ ಎಂಜಿನ್ನಿನ ಬಲವನ್ನೇ ಕುಗ್ಗಿಸುತ್ತದೆ. ಕನೆಕ್ಟರಿಗೆ ನೀರು ಹೋದ ಕಾರು ನಿಮ್ಮ ಗೇಟು ದಾಟಿ ಫ್ಲೈಓವರ್ ನಡುವೆ ಬಲವಿಲ್ಲದೆ ತೆವಳಬಹುದು. ಬ್ರಷ್ಷು, ಹಿಂಡಿದ ಬಟ್ಟೆ, ಇಷ್ಟು ಸಾಕು ಅನ್ನುವುದು ಇದಕ್ಕೇ.

ನಿಮ್ಮ ಸ್ವಂತ ಕಾಲಿನ ಬಗ್ಗೆಯೂ ಹೇಳಬೇಕು. ತೊಳೆದ ಕಾರನ್ನು ರ‍್ಯಾಂಪಿನಿಂದ ರಿವರ್ಸ್ ತೆಗೆಯುವವರು ನೀವೇ. ಫೋಮು, ಗ್ರೀಸು, ಕೆಸರು ಬೆರೆತ ನೆಲದ ಮೇಲೆ ನಿಂತಿದ್ದ ಒದ್ದೆಗಾಲಿನಲ್ಲೇ ಹತ್ತಿ ಕೂರುತ್ತೀರಿ. ಇಳಿಜಾರು, ಹಿಂದೆ ಇನ್ನೊಂದು ಕಾರು, ಆ ಕಾರಿನ ಪಕ್ಕ ಬಕೆಟ್ ಹಿಡಿದು ಬಗ್ಗಿರುವ ನಿಮ್ಮದೇ ಗೆಳೆಯ. ಪೆಡಲ್ ಜಾರಿದರೆ ಮೊದಲ ಪೆಟ್ಟು ನಿಮ್ಮವರಿಗೇ. ಕಾರಿನ ಬಾಗಿಲ ಹತ್ತಿರ ಒಂದು ಗೋಣಿಚೀಲ ಹಾಸಿ, ಕಾಲು ಒರೆಸಿಯೇ ಹತ್ತಿ. ಹೊರಡುವ ಮುಂಚೆ ನಿಂತಲ್ಲೇ ಬ್ರೇಕನ್ನು ಎರಡು ಸಲ ಗಟ್ಟಿಯಾಗಿ ಒತ್ತಿ ನೋಡಿ.

ಮ್ಯಾಟ್ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಸ್ಯಾನ್ ಡಿಯಾಗೋ ಬಳಿ 2009ರ ಆಗಸ್ಟ್ 28ರಂದು ಒಂದು ಲೆಕ್ಸಸ್ ಕಾರು ವೇಗ ತಗ್ಗಿಸಲಾಗದೆ ಅಪ್ಪಳಿಸಿ ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಓಡಿಸುತ್ತಿದ್ದವರು ಹೆದ್ದಾರಿ ಗಸ್ತಿನ ಪೊಲೀಸ್ ಅಧಿಕಾರಿ, ಡ್ರೈವಿಂಗ್ ಬಾರದವರಲ್ಲ. ತಮ್ಮ ಕಾರು ಸರ್ವಿಸಿಗೆ ಬಿಟ್ಟಿದ್ದಾಗ ಡೀಲರ್ ಕೊಟ್ಟಿದ್ದ ಬದಲಿ ಕಾರು ಅದು. ಅದರಲ್ಲಿ ಹಾಸಿದ್ದು ಬೇರೆ ಮಾದರಿಯ ಕಾರಿನ ಉದ್ದನೆಯ ರಬ್ಬರ್ ಮ್ಯಾಟ್. ಆಕ್ಸಿಲರೇಟರ್ ಅದಕ್ಕೆ ಸಿಕ್ಕಿಕೊಂಡಿತ್ತು ಎಂಬುದೇ ತನಿಖೆಯ ತೀರ್ಮಾನ. ಆ ಕಾರನ್ನು ಕೆಲವೇ ದಿನ ಮೊದಲು ಒಯ್ದಿದ್ದ ಇನ್ನೊಬ್ಬ ಗಿರಾಕಿಗೂ ಹೀಗೇ ಪೆಡಲ್ ಸಿಕ್ಕಿಕೊಂಡಿತ್ತು; ಕಾರು ಒಪ್ಪಿಸುವಾಗ ಅವರು ಅದನ್ನು ಹೇಳಿಯೂ ಇದ್ದರು. ಮುಂದೆ ಲೆಕ್ಸಸ್ ತಯಾರಿಸುವ ಟೊಯೊಟ ಕಂಪನಿ ಮ್ಯಾಟಿನ ಕಾರಣಕ್ಕೆ ಸುಮಾರು 38 ಲಕ್ಷ ಕಾರುಗಳ ಬಗ್ಗೆ ರೀಕಾಲ್ ಹೊರಡಿಸಬೇಕಾಯಿತು.

ನಿಮ್ಮಲ್ಲಿ ಹಬ್ಬದ ದಿನ ಹತ್ತಾರು ಕಾರುಗಳ ಮ್ಯಾಟುಗಳು ಒಂದೇ ಗೋಡೆಯ ಮೇಲೆ ಒಣಗುತ್ತಿರುತ್ತವೆ, ಎಲ್ಲವೂ ಕಪ್ಪು. ಒಂದರದ್ದು ಇನ್ನೊಂದಕ್ಕೆ ಹೋಗುವುದು ಸುಲಭ. ಮ್ಯಾಟಿನ ಹಿಂದೆ ಸೀಮೆಸುಣ್ಣದಲ್ಲಿ ನಂಬರ್ ಬರೆಯಿರಿ. ವಾಪಸ್ ಹಾಕುವಾಗ ನೆಲದ ಕೊಕ್ಕೆಗೆ ಸಿಕ್ಕಿಸಿ. ಒಂದು ಮ್ಯಾಟಿನ ಮೇಲೆ ಇನ್ನೊಂದು ಹಾಸಬೇಡಿ. ಮ್ಯಾಟಿನ ಅಡಿಭಾಗಕ್ಕೂ ಪಾಲಿಶ್ ಬೇಡ, ಮೇಲ್ಭಾಗಕ್ಕೂ ಬೇಡ. ಹಾಕಿದ ಮೇಲೆ ಎಂಜಿನ್ ಆಫ್ ಇರುವಾಗಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಟ್ಟು, ತಡೆಯಿಲ್ಲದೆ ಮೇಲೆ ಬರುತ್ತದೆಯೇ ನೋಡಿ. ನೆಲಕ್ಕೇ ಕೀಲಿಟ್ಟ ಆಕ್ಸಿಲರೇಟರ್ ಇರುವ ಕಾರಾದರೆ ಅದರ ಬುಡದ ಸಂದಿಯಲ್ಲಿ ಕಲ್ಲಿನ ಚೂರು, ಪೆನ್ನಿನ ಮುಚ್ಚಳ ಸೇರಿದೆಯೇ ಎಂದೂ ಕಣ್ಣಾಡಿಸಿ.

ಕಾರಿನ ಮಾಲೀಕರು ತಮ್ಮ ಪೆಡಲನ್ನು ಬಗ್ಗಿ ನೋಡುವುದು ವರ್ಷಕ್ಕೊಮ್ಮೆಯೂ ಇಲ್ಲ. ಮಂಡಿಯೂರಿ ಅಲ್ಲಿಗೆ ತಲೆ ಹಾಕುವವರು ನೀವು. ಆದ್ದರಿಂದ ಅಲ್ಲಿ ಕಂಡದ್ದನ್ನು ಹೇಳುವ ಹಕ್ಕೂ ನಿಮ್ಮದು. ಕ್ಲಚ್ ಅಥವಾ ಬ್ರೇಕ್ ಪೆಡಲ್‌ನ ಕಾಂಡದ ಮೇಲಿಂದ ಒದ್ದೆ ಇಳಿದ ಗುರುತು ಕಂಡರೆ, ಬೆರಳಿಗೆ ಎಣ್ಣೆಯ ಹಾಗೆ ಅಂಟಿದರೆ, ಒರೆಸಿ ಸುಮ್ಮನಾಗಬೇಡಿ. ಅದು ಮಾಸ್ಟರ್ ಸಿಲಿಂಡರ್‌ನಿಂದ ಸೋರುವ ಬ್ರೇಕ್ ಆಯಿಲ್ ಇರಬಹುದು. ನೀವು ಒರೆಸಿಬಿಟ್ಟರೆ ಮೆಕ್ಯಾನಿಕ್‌ಗೆ ಸಿಗಬೇಕಿದ್ದ ಗುರುತೂ ಹೋಯಿತು. “ಸಾರ್, ಇಲ್ಲಿ ಒಮ್ಮೆ ನೋಡಿ” ಎಂದು ಮಾಲೀಕರನ್ನು ಕರೆದು ತೋರಿಸಿ, ಕಾರನ್ನು ಗ್ಯಾರೇಜಿಗೆ ತೋರಿಸದೆ ಓಡಿಸಬೇಡಿ ಅನ್ನಿ. ರಬ್ಬರಿನ ಗೀರು ಸವೆದು ಬೋಳಾಗಿದ್ದರೆ, ಅಂಚು ತಗಡಿನಿಂದ ಎದ್ದಿದ್ದರೆ, ಮೇಲೆ ಹಾಕಿದ ಅಲಂಕಾರದ ಲೋಹದ ಕವರ್ ಅಲುಗಾಡುತ್ತಿದ್ದರೆ, ಅದನ್ನೂ ಹೇಳಿ. ಹಳೇ ಕಾರು ಮಾರುವವರು ಸವೆದ ರಬ್ಬರನ್ನು ಹೊಸದರಂತೆ ಕಾಣಿಸಲು ಪಾಲಿಶ್ ಮಾಡಿಕೊಡಿ ಎಂದು ನಿಮ್ಮನ್ನೇ ಕೇಳಬಹುದು. ದಯವಿಟ್ಟು ಆಗುವುದಿಲ್ಲ ಅನ್ನಿ. ಆ ಕಾರು ಕೊಳ್ಳುವವರಿಗೆ ಅದು ಎಷ್ಟು ಓಡಿದೆ ಎಂದು ಹೇಳುವ ಕುರುಹುಗಳಲ್ಲಿ ಪೆಡಲ್ ರಬ್ಬರೂ ಒಂದು.

ಸ್ಟೇಷನ್ ನಡೆಸುವ ಮಾಲೀಕರೇ, ನಿಮಗೂ ಒಂದು ವಿನಂತಿ. ಇಷ್ಟೆಲ್ಲ ಮಾಡಲು ಹುಡುಗರಿಗೆ ಸಮಯ ಬೇಕು. ಹಬ್ಬದ ದಿನ ಒಂದು ಕಾರಿನ ಹಿಂದೆ ಇನ್ನೊಂದನ್ನು ತಳ್ಳುತ್ತ, ಬೇಗ ಬೇಗ ಎಂದು ಕೂಗುತ್ತ, ಆಮೇಲೆ ಅವರನ್ನು ದೂರುವುದು ನ್ಯಾಯವಲ್ಲ. ಪೆಡಲ್‌ಗೆಂದೇ ಬೇರೆ ಬಣ್ಣದ ಬಟ್ಟೆ ತಂದುಕೊಡಿ, ಅದು ಪಾಲಿಶ್ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ಬೀಳದಂತೆ ನೋಡಿಕೊಳ್ಳಿ. ಯಾಕಪ್ಪಾ ಪೆಡಲ್ ಮಿಂಚುತ್ತಿಲ್ಲ ಎಂದು ಗಿರಾಕಿ ಹುಡುಗನನ್ನು ಗದರಿದರೆ, ಉತ್ತರ ಕೊಡಬೇಕಾದವರು ನೀವು. ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗಿನ ಜಾವ ಒಬ್ಬೊಬ್ಬರೇ ಕಾರು ಒರೆಸುವ ಅಕ್ಕಂದಿರೇ, ನಿಮಗೆ ಅಂಥ ಮಾಲೀಕರೂ ಇರುವುದಿಲ್ಲ. ಈ ಪತ್ರವನ್ನು ನೀವು ಒರೆಸುವ ಕಾರಿನವರಿಗೆ ತೋರಿಸಿ.

ರಬ್ಬರ್ ಬದಲಿಸಬೇಕಾಗಿ ಬಂದರೆ ಅದು ಹೆಚ್ಚಿನ ಕಾರುಗಳಿಗೆ ದೊಡ್ಡ ಖರ್ಚಿನ ಬಾಬತ್ತಲ್ಲ, ನಿಮ್ಮಲ್ಲೇ ಹಾಕಿಕೊಡಬಹುದು. ಅದೇ ಮಾದರಿಗೆ ಸೇರಿದ ರಬ್ಬರನ್ನೇ ತನ್ನಿ. ಸುಲಭವಾಗಿ ಕೂರಲೆಂದು ಒಳಗೆ ಎಣ್ಣೆಯನ್ನಾಗಲಿ ಸೋಪನ್ನಾಗಲಿ ಸವರಬೇಡಿ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ರಬ್ಬರ್ ಮೆದುವಾಗಿ ಎಳೆಯಲು ಬರುತ್ತದೆ. ಒಂದು ಅಂಚನ್ನು ತಗಡಿನ ಹಿಂದಕ್ಕೆ ಸಿಕ್ಕಿಸಿ, ಉಳಿದ ಅಂಚುಗಳನ್ನು ಹೆಬ್ಬೆರಳಿನಿಂದ ಸುತ್ತಲೂ ಎಳೆದು ಕೂರಿಸಿ. ಕೊನೆಗೆ ಪೆಡಲ್‌ನ ಹಿಂಬದಿಗೆ ಟಾರ್ಚ್ ಬಿಟ್ಟು ನಾಲ್ಕೂ ಕಡೆ ಅಂಚು ಮಡಚಿ ಕೂತಿದೆಯೇ ನೋಡಿ, ಜೋರಾಗಿ ಎಳೆದು ಪರೀಕ್ಷಿಸಿ, ಆಮೇಲೆ ಕೀಲಿ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಕಾರು ಕಲಿಸುವ ಒಬ್ಬ ಮೇಷ್ಟ್ರು